ಬಾಟಲಿಯೊಳಗೊಂದು ಹಗೇವು

ಚಿಕ್ಕೋಡಿ ಸೀಮೆಯಲ್ಲಿ ಹಗೇವು ಕಂಡವರು ಈಗ ಕಡಿಮೆ. ಹಳೆಯ ವಾಡೆಯ ಅಂಗಳದಲ್ಲೋ ಊರ ಮುಂದಿನ ಗಟ್ಟಿ ನೆಲದಲ್ಲೋ ಆಳವಾಗಿ ತೋಡಿದ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿದ್ದ ನೆಲದೊಳಗಿನ ಕಣಜ ಅದು. ಒಳಗೋಡೆಗೆ ಹುಲ್ಲು, ಕಣಿಕೆ ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳಗೆ ಸಿಕ್ಕಿಕೊಂಡ ಅಷ್ಟಿಷ್ಟು ಆಮ್ಲಜನಕವನ್ನು ಕಾಳು, ಹುಳಗಳೇ ಉಸಿರಾಡಿ ಮುಗಿಸುತ್ತಿದ್ದವು. ಅಲ್ಲಿಂದ ಮುಂದೆ ಹುಳ ಬದುಕಲು ಗಾಳಿ ಉಳಿಯುತ್ತಿರಲಿಲ್ಲ. ಅದಕ್ಕೇ ಹಗೇವು ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಬಹಳ ಹೊತ್ತು ಬಾಯಿ ತೆರೆದಿಟ್ಟು, ಹಗ್ಗ ಕಟ್ಟಿದ ಕಂದೀಲನ್ನು ಮೊದಲು ಇಳಿಬಿಡುತ್ತಿದ್ದರು. ಕಂದೀಲು ಆರಿತೆಂದರೆ ಇನ್ನೂ ಕಾಯಬೇಕು ಎಂದು ಅರ್ಥ.

ಈ ಅಧ್ಯಾಯದಲ್ಲಿ ನಾನು ಹೇಳಹೊರಟದ್ದು ಜೋಳದ ಮಾತಲ್ಲ, ಫಿಲ್ಮ್ ತೊಳೆಯುವ ಕೆಮಿಕಲ್‌ಗಳ ಮಾತು. ಆದರೆ ಡೆವಲಪರ್ ತುಂಬಿದ ಬಾಟಲಿಯನ್ನು ಆರು ತಿಂಗಳು ಕಾಯ್ದಿಡುವ ವಿದ್ಯೆಯೂ, ಕಾಳನ್ನು ವರ್ಷಗಟ್ಟಲೆ ಕಾಯ್ದಿಟ್ಟ ಹಗೇವಿನ ವಿದ್ಯೆಯೂ ಬೇರೆಬೇರೆಯಲ್ಲ. ಎರಡರಲ್ಲೂ ಹೊರಗಿಡಬೇಕಾದದ್ದು ಒಂದೇ: ಗಾಳಿ.

ಟ್ರೇಯಲ್ಲಿ ಉಳಿದ ರಾತ್ರಿ

ಶಾಲೆಯ ಬೇಸಿಗೆ ಸೂಟಿಯಲ್ಲಿ ನಾನು ಕಾಕಾನ ಫೋಟೋ ಸ್ಟುಡಿಯೋದಲ್ಲಿ ಕೈಯಾಳಾಗಿ ನಿಲ್ಲುತ್ತಿದ್ದೆ. ಮುಂದೆ ಗಿರಾಕಿಗಳ ಬೆಂಚು, ನಡುವೆ ಪರದೆ, ಹಿಂದೆ ಡಾರ್ಕ್‌ರೂಮ್. ಅಲ್ಲಿ ಕೆಂಪು ಬಲ್ಬಿನ ಕೆಳಗೆ ಸಾಲಾಗಿ ಮೂರು ಟ್ರೇ. ಮೊದಲನೆಯದರಲ್ಲಿ ಡೆವಲಪರ್, ನಡುವಿನದರಲ್ಲಿ ಅಸೆಟಿಕ್ ಆಮ್ಲ ಬೆರೆಸಿದ ನೀರು, ಕೊನೆಯದರಲ್ಲಿ ಹೈಪೋ. ಬಿಳಿ ಕಾಗದ ಮೊದಲ ಟ್ರೇಯಲ್ಲಿ ಮುಳುಗಿ ಅರೆ ನಿಮಿಷದೊಳಗೆ ಮದುಮಗಳ ಬಾಸಿಂಗ, ಆಮೇಲೆ ಹುಬ್ಬು, ಆಮೇಲೆ ಪೂರ್ತಿ ಮುಖ ಮೇಲೆದ್ದು ಬರುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸುತ್ತಿರಲಿಲ್ಲ.

ಲಗ್ನದ ಸುಗ್ಗಿಯ ಒಂದು ರಾತ್ರಿ, ಕೆಲಸ ಮುಗಿದ ಮೇಲೆ ಡೆವಲಪರನ್ನು ಬಾಟಲಿಗೆ ಸುರಿದಿಡುವುದನ್ನು ನಾನು ಮರೆತೆ. ಬೆಳಿಗ್ಗೆ ನೋಡಿದರೆ ಟ್ರೇಯಲ್ಲಿ ಚಹಾದ ಬಣ್ಣದ ನೀರಿತ್ತು. ಕಾಕಾ ಒಂದು ಕಾಗದ ಅದ್ದಿದರು. ನಾಲ್ಕು ನಿಮಿಷವಾದರೂ ಬೂದಿ ಬಳಿದಂಥ ಮಬ್ಬು ಚಿತ್ರ ಬಂತೇ ಹೊರತು ಕಪ್ಪು ಕಪ್ಪಾಗಲಿಲ್ಲ, ಬಿಳುಪು ಬಿಳುಪಾಗಿ ಉಳಿಯಲಿಲ್ಲ.

"ಟ್ರೇದಾಗ ಬಿಟ್ಟ ಹೋಗಿದ್ದೇನೋ ತಮ್ಮಾ? ರಾತ್ರಿಯೆಲ್ಲಾ ಗಾಳಿ ಕುಡದೈತಿ ಅದು. ಇನ್ನ ಅದರಾಗ ಜೀವ ಇಲ್ಲ" ಎಂದರು.

ಬೈಯಲಿಲ್ಲ. ಸುರಿದು, ಟ್ರೇ ತೊಳೆದು, ಹೊಸ ಪುಡಿ ಕರಗಿಸಿದರು. ಆ ದಿನ ಲಗ್ನದ ಫೋಟೋ ಒಯ್ಯಲು ಬಂದವರು ಸಂಜೆಯ ತನಕ ಬೆಂಚಿನ ಮೇಲೆ ಕೂರಬೇಕಾಯಿತು. ಗಾಳಿ ಕುಡಿಯುವುದು ಎಂದರೇನು ಎಂದು ನನಗೆ ಅರ್ಥವಾದದ್ದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದಾಗ. ಕಾಕಾ ಬಾಯಿಮಾತಿಗೆ ಹೇಳಿದ್ದು ಪುಸ್ತಕದ ಮಾತಿನಷ್ಟೇ ಕರಾರುವಾಕ್ಕಾಗಿತ್ತು.

ಕೊಡುವ ಗುಣ, ಕೆಡುವ ಗುಣ

ಫಿಲ್ಮಿನ ಮೇಲಿನ ಲೇಪದಲ್ಲಿ ಬೆಳ್ಳಿಯ ಬ್ರೋಮೈಡಿನ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿರುತ್ತವೆ. ಬೆಳಕು ಬಿದ್ದ ಹರಳಿನಲ್ಲಿ ಬೆಳ್ಳಿಯ ಕೆಲವೇ ಕೆಲವು ಪರಮಾಣುಗಳು ಬಿಡುಗಡೆಯಾಗಿ ಒಂದೆಡೆ ಕೂಡುತ್ತವೆ. ಇದು ಅಡಗಿದ ಚಿತ್ರ, ಯಾವ ಸೂಕ್ಷ್ಮದರ್ಶಕಕ್ಕೂ ಚಿತ್ರವಾಗಿ ಕಾಣದು. ಡೆವಲಪರ್ ಬಂದು ಆ ಹರಳಿಗೆ ಎಲೆಕ್ಟ್ರಾನುಗಳನ್ನು ಕೊಡುತ್ತದೆ. ಪಡೆದ ಬೆಳ್ಳಿಯ ಅಯಾನು ಕಪ್ಪು ಲೋಹವಾಗಿ ನಿಲ್ಲುತ್ತದೆ. ಬೆಳಕು ಹಚ್ಚಿಟ್ಟ ನಾಲ್ಕಾರು ಪರಮಾಣುಗಳ ಗುರುತು ಹಿಡಿದು, ಇಡೀ ಹರಳಿನ ಕೋಟ್ಯಂತರ ಪರಮಾಣುಗಳನ್ನು ಡೆವಲಪರ್ ಬೆಳ್ಳಿಯಾಗಿಸುತ್ತದೆ. ಬೆಳಕು ತಾಕದ ಹರಳಿನಲ್ಲಿ ಆ ಗುರುತು ಇಲ್ಲದ್ದರಿಂದ ಅಲ್ಲಿ ಈ ಕೆಲಸ ತೀರ ನಿಧಾನ.

ಹಾಗಾದರೆ ಒಳ್ಳೆಯ ಡೆವಲಪರ್ ಎಂದರೆ ಎಲೆಕ್ಟ್ರಾನು ಕೊಡಲು ತುದಿಗಾಲಲ್ಲಿ ನಿಂತ ಪದಾರ್ಥ. ಮೆಟಾಲ್, ಹೈಡ್ರೋಕ್ವಿನೋನ್ ಇವೆರಡೂ ಅಂಥವೇ. ಆದರೆ ಎಲೆಕ್ಟ್ರಾನು ಬೇಡುವವರಲ್ಲಿ ಬೆಳ್ಳಿ ಒಂದೇ ಇಲ್ಲ. ಗಾಳಿಯ ಐದರಲ್ಲೊಂದು ಪಾಲು ಆಮ್ಲಜನಕ, ಅದರಷ್ಟು ಹಸಿದ ಬೇಡಿಕೆದಾರ ಇನ್ನೊಬ್ಬನಿಲ್ಲ. ಬಾಟಲಿಯ ಬೂಚು ತೆರೆದ ಕ್ಷಣದಿಂದ ಅದು ಕೈಚಾಚುತ್ತದೆ. ಬೆಳ್ಳಿಗೆಂದು ಇಟ್ಟದ್ದನ್ನು ಡೆವಲಪರ್ ಗಾಳಿಗೆ ಕೊಟ್ಟು ಬರಿದಾಗುತ್ತದೆ. ಚಿತ್ರ ಬಿಡಿಸುವ ಶಕ್ತಿಯೂ ಕೆಡುವ ಸ್ವಭಾವವೂ ಒಂದೇ ಗುಣ. ಕೆಡದ ಡೆವಲಪರ್ ಬೇಕೆಂದರೆ ಚಿತ್ರ ಬಿಡಿಸದ ಡೆವಲಪರ್ ಸಿಗುತ್ತದೆ. ಆದ್ದರಿಂದ ನಮ್ಮ ಕೈಯಲ್ಲಿರುವುದು ಇಷ್ಟೇ, ಬೆಳ್ಳಿ ಎದುರಾಗುವ ತನಕ ಅದಕ್ಕೆ ಗಾಳಿ ಎದುರಾಗದಂತೆ ನೋಡಿಕೊಳ್ಳುವುದು. ಮುಂದೆ ಹೇಳುವ ಎಲ್ಲ ಉಪಾಯಗಳೂ ಈ ಒಂದು ಮಾತಿನ ಕೊಂಬೆಗಳು.

ಈ ರಸಾಯನ ನಮ್ಮ ಅಡುಗೆಮನೆಗೆ ಹೊಸದಲ್ಲ. ಎಣ್ಣೆಗಾಯಿಗೆಂದು ಬದನೆಕಾಯಿ ಸೀಳಿದವರು ಅದನ್ನು ಹಾಗೇ ಬಿಡುವುದಿಲ್ಲ, ನೀರಿಗೆ ಹಾಕುತ್ತಾರೆ. ಬಿಟ್ಟರೆ ಕಂದಾಗುತ್ತದೆ. ಬದನೆಯಲ್ಲಿರುವ ಫೀನಾಲ್ ಎಂಬ ಜಾತಿಯ ಪದಾರ್ಥಗಳು ಆಮ್ಲಜನಕ ಕುಡಿದು ಕ್ವಿನೋನ್‌ಗಳಾಗಿ, ಅವು ಒಂದಕ್ಕೊಂದು ಹೆಣೆದುಕೊಂಡು ಕಂದು ಬಣ್ಣ ತಾಳುತ್ತವೆ. ಹೈಡ್ರೋಕ್ವಿನೋನ್ ಅದೇ ಫೀನಾಲ್ ಕುಲದ್ದು. ನನ್ನ ಟ್ರೇಯಲ್ಲಿ ಆ ರಾತ್ರಿ ಕಂಡ ಚಹಾದ ಬಣ್ಣ, ಸೀಳಿಟ್ಟ ಬದನೆಯ ಬಣ್ಣದ ದಾಯಾದಿ. ನಿಪ್ಪಾಣಿಯ ಹೊಲಗಳಲ್ಲಿ ಕೊಯ್ದು ಬಿಸಿಲಿಗೆ ಹರವಿದ ತಂಬಾಕಿನ ಹಸಿರೆಲೆ ಕಂದಾಗುವುದರಲ್ಲೂ ಇದೇ ಫೀನಾಲ್‌ಗಳ ಪಾಲಿದೆ. ತಂಬಾಕಿನವರಿಗೆ ಆ ಕಂದು ಬೇಕು, ಫೋಟೋದವರಿಗೆ ಬೇಡ.

ಕಾವಲುಗಾರ ಸಲ್ಫೈಟ್

ಕಂದಾಗುವುದನ್ನು ತಡೆಯುವ ಒಂದು ಉಪಾಯವೂ ನಮ್ಮ ಸೀಮೆಗೆ ಚೆನ್ನಾಗಿ ಗೊತ್ತು. ಅಥಣಿ ತಾಲ್ಲೂಕಿನ ತೆಲಸಂಗದ ಕಡೆ ದ್ರಾಕ್ಷಿ ಒಣಗಿಸುವ ಶೆಡ್ಡುಗಳಲ್ಲಿ ಗಂಧಕದ ಹೊಗೆ ಕೊಡುತ್ತಾರೆ, ಒಣದ್ರಾಕ್ಷಿ ಹೊನ್ನಿನ ಬಣ್ಣ ಉಳಿಸಿಕೊಳ್ಳಲೆಂದು. ಬಿಳಿ ಸಕ್ಕರೆ ಮಾಡುವ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲಿಗೆ ಸುಣ್ಣದ ಜೊತೆ ಗಂಧಕದ ಡೈಆಕ್ಸೈಡ್ ಹಾಯಿಸುತ್ತಾರೆ. ಆ ಅನಿಲ ನೀರಿನಲ್ಲಿ ಸಲ್ಫೈಟ್ ಆಗುತ್ತದೆ. ರಾಯಬಾಗ, ಕಾಗವಾಡದ ಕಬ್ಬಿನ ಬಂಡಿಗಳ ಹಿಂದೆ ನಡೆದವರ ಮೂಗಿಗೆ ಕಾರ್ಖಾನೆಯ ಆ ಘಾಟು ಹೊಸದೇನಲ್ಲ.

ಡೆವಲಪರ್‌ನ ಕಾವಲಿಗೂ ಇದೇ ಸಲ್ಫೈಟ್ ನಿಂತಿದೆ. 1882ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಬರ್ಕ್ಲಿ ಎಂಬಾತ ಸೋಡಿಯಂ ಸಲ್ಫೈಟ್ ಸೇರಿಸಿದರೆ ಡೆವಲಪರ್ ಬೇಗ ಕಂದಾಗದು ಎಂದು ತೋರಿಸಿದ. ಅದು ಎರಡು ಕೆಲಸ ಮಾಡುತ್ತದೆ. ಮೊದಲನೆಯದು, ಒಳಬಂದ ಆಮ್ಲಜನಕಕ್ಕೆ ತಾನೇ ಎದುರಾಗಿ ಸಲ್ಫೇಟ್ ಆಗಿಹೋಗುತ್ತದೆ. ಎರಡನೆಯದು, ಹೈಡ್ರೋಕ್ವಿನೋನ್ ಅಲ್ಪಸ್ವಲ್ಪ ಕೆಟ್ಟು ಕ್ವಿನೋನ್ ಆಯಿತೋ, ಅದನ್ನು ಕೂಡಲೇ ಹಿಡಿದು ಬಣ್ಣವಿಲ್ಲದ ಸಂಯುಕ್ತವಾಗಿಸುತ್ತದೆ. ಇದು ದೊಡ್ಡ ಉಪಕಾರ, ಏಕೆಂದರೆ ಬಿಟ್ಟರೆ ಕ್ವಿನೋನ್ ಉಳಿದ ಹೈಡ್ರೋಕ್ವಿನೋನನ್ನೂ ಬೇಗ ಕೆಡಿಸುತ್ತದೆ.

1927ರಲ್ಲಿ ಕೊಡಾಕ್ ಕಂಪನಿ ಸಿನಿಮಾ ಫಿಲ್ಮಿಗೆಂದು ಹೊರತಂದು, ಇಂದಿಗೂ ಜಗತ್ತೆಲ್ಲ ಬಳಸುವ ಡಿ-76 ಎಂಬ ಡೆವಲಪರ್‌ನ ಸಾಮಾನು ಪಟ್ಟಿ ನೋಡಿ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ. ಚಿತ್ರ ಬಿಡಿಸುವವರು 7 ಗ್ರಾಂ, ಸಲ್ಫೈಟ್ ಅದರ ಹದಿನಾಲ್ಕು ಪಟ್ಟು. ಅಷ್ಟೊಂದು ಸಲ್ಫೈಟ್ ಇರುವುದಕ್ಕೆ ಹರಳನ್ನು ತುಸು ಕರಗಿಸಿ ಚಿತ್ರವನ್ನು ನುಣುಪಾಗಿಸುವ ಉದ್ದೇಶವೂ ಇದೆ, ಆದರೆ ಕಾವಲಿನ ಲಾಭ ಅದರ ಜೊತೆಗೇ ಬರುತ್ತದೆ.

ಕರಗಿಸುವ ಕ್ರಮದಲ್ಲೂ ಈ ಕಾವಲಿನ ತರ್ಕವಿದೆ. ಸುಮಾರು 50 ಡಿಗ್ರಿ ಬಿಸಿಯ ನೀರಿಗೆ ಮೊದಲು ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್. ಗಟ್ಟಿ ಸಲ್ಫೈಟ್ ನೀರಿನಲ್ಲಿ ಮೆಟಾಲ್ ಕರಗಲೊಲ್ಲದು, ಅದಕ್ಕೇ ಚಿಟಿಕೆ ಮಾತ್ರ. ಮೆಟಾಲ್ ಕರಗಿದ ಮೇಲೆ ಉಳಿದ ಸಲ್ಫೈಟ್, ಆಮೇಲೆ ಹೈಡ್ರೋಕ್ವಿನೋನ್. ಬೊರಾಕ್ಸ್ ಅಥವಾ ವಾಷಿಂಗ್ ಸೋಡಾದಂಥ ಕ್ಷಾರ ಕಟ್ಟಕಡೆಗೆ. ಫೀನಾಲ್ ಕುಲದವಕ್ಕೆ ಎಲೆಕ್ಟ್ರಾನು ಬಿಟ್ಟುಕೊಡುವ ಚುರುಕು ಬರುವುದೇ ಕ್ಷಾರದಿಂದ. ಕಾವಲುಗಾರ ಬಂದು ನಿಲ್ಲುವ ಮೊದಲೇ ಕ್ಷಾರ ಸೇರಿದರೆ ಕಲಕುವಾಗಲೇ ಅರ್ಧ ಜೀವ ಹೋಗುತ್ತದೆ. ಕಲಕುವುದೂ ಮೆಲ್ಲಗೆ. ಮಜ್ಜಿಗೆ ಕಡೆದಂತೆ ಕಡೆದರೆ ಬೆಣ್ಣೆ ಬರುವುದಿಲ್ಲ, ಗಾಳಿ ಸೇರುತ್ತದೆ.

ಕ್ಷಾರದ ಈ ಗುಣ ತಿಳಿದವರು ಇನ್ನೊಂದು ಜಾಣತನ ಮಾಡಿದರು. ಚಿತ್ರ ಬಿಡಿಸುವ ಪದಾರ್ಥವನ್ನು ತುಸು ಹುಳಿ ಗುಣದ ದ್ರಾವಣವಾಗಿ ಒಂದು ಬಾಟಲಿಯಲ್ಲಿ, ಕ್ಷಾರವನ್ನು ಇನ್ನೊಂದರಲ್ಲಿ ಇಟ್ಟು, ಬಳಸುವ ಹೊತ್ತಿಗೆ ಮಾತ್ರ ಕೂಡಿಸುವುದು. ಪೈರೋಗ್ಯಾಲಾಲ್ ಎಂಬ ಹಳೆಯ ಡೆವಲಪರನ್ನು ಹೀಗೆಯೇ ಎರಡು ಬಾಟಲಿಗಳಲ್ಲಿ ಕಾಯುತ್ತ ಬಂದಿದ್ದಾರೆ.

ಅರ್ಧ ಬಾಟಲಿಯ ಲೆಕ್ಕ

ಕೊಡಾಕ್ ಡಿ-76ಕ್ಕೆ ಕೊಟ್ಟಿರುವ ಆಯುಷ್ಯ ಹೀಗಿದೆ: ತುಂಬಿದ, ಬಿಗಿಯಾಗಿ ಮುಚ್ಚಿದ ಬಾಟಲಿಯಲ್ಲಿ ಆರು ತಿಂಗಳು. ಅರ್ಧ ತುಂಬಿದ ಬಾಟಲಿಯಲ್ಲಿ ಎರಡು ತಿಂಗಳು. ಟ್ಯಾಂಕಿನಲ್ಲಿ ಒಂದು ತಿಂಗಳು. ತೆರೆದ ಟ್ರೇಯಲ್ಲಿ 24 ಗಂಟೆ. ದ್ರಾವಣ ಒಂದೇ, ಬೂಚೂ ಅದೇ, ಆದರೂ ತುಂಬಿದ ಬಾಟಲಿಗೂ ಅರ್ಧ ಬಾಟಲಿಗೂ ಮೂರು ಪಟ್ಟು ಅಂತರ ಏಕೆ?

ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಬಾಟಲಿಯಲ್ಲಿ ಅರ್ಧ ಖಾಲಿಯೆಂದರೆ ಒಳಗೆ 500 ಮಿಲಿಲೀಟರ್ ಗಾಳಿ, ಅದರಲ್ಲಿ ಸುಮಾರು 105 ಮಿಲಿಲೀಟರ್ ಆಮ್ಲಜನಕ. ನಮ್ಮ 30 ಡಿಗ್ರಿ ಸೆಖೆಯಲ್ಲಿ ಅದರ ತೂಕ ಸುಮಾರು 135 ಮಿಲಿಗ್ರಾಂ. ಅಷ್ಟು ಆಮ್ಲಜನಕ ಒಂದು ಗ್ರಾಮಿಗಿಂತ ತುಸು ಹೆಚ್ಚು ಸಲ್ಫೈಟನ್ನು ನುಂಗುತ್ತದೆ. ಉಳಿದ ಅರ್ಧ ಲೀಟರಿನಲ್ಲಿ 50 ಗ್ರಾಂ ಸಲ್ಫೈಟ್ ಇದ್ದರೆ ಇದು ದೊಡ್ಡ ನಷ್ಟವೇನಲ್ಲ ಎನಿಸಬಹುದು. ಆದರೆ ಬೂಚು ತೆರೆದಾಗಲೆಲ್ಲ ಹೊಸ ಗಾಳಿ ತುಂಬುತ್ತದೆ, ಅಳತೆ ಮಾಡಿ ಸುರಿದಾಗಲೆಲ್ಲ ಗಾಳಿಯ ಜಾಗ ಬೆಳೆಯುತ್ತದೆ. ನುಂಗುವುದು ಸಲ್ಫೈಟನ್ನು ಮಾತ್ರವೂ ಅಲ್ಲ, ಆ ಅರ್ಧ ಲೀಟರಿನ ಎರಡೂವರೆ ಗ್ರಾಂ ಹೈಡ್ರೋಕ್ವಿನೋನಿನ ಪಾಲೂ ಅದರಲ್ಲಿ ಹೋಗುತ್ತದೆ.

ಟ್ರೇಯ ಕತೆ ಇನ್ನೂ ಸ್ಪಷ್ಟ. ಹತ್ತು-ಹನ್ನೆರಡು ಇಂಚಿನ ಟ್ರೇಯಲ್ಲಿ ಗಾಳಿಗೆ ತೆರೆದುಕೊಂಡ ಮೈ ಸುಮಾರು 750 ಚದರ ಸೆಂಟಿಮೀಟರ್. ಒಂಬತ್ತು ಸೆಂಟಿಮೀಟರ್ ಅಗಲದ ಬಾಟಲಿಯೊಳಗೆ ಅದು 63 ಚದರ ಸೆಂಟಿಮೀಟರ್, ಅಂದರೆ ಹನ್ನೆರಡರಲ್ಲೊಂದು ಪಾಲು. ಬಾಟಲಿಯ ಗಾಳಿ ಒಮ್ಮೆ ಮುಗಿದರೆ ಮುಗಿಯಿತು. ಟ್ರೇಯ ಮೇಲೆ ರಾತ್ರಿಯಿಡೀ ಹೊಸ ಗಾಳಿ ಹಾಯುತ್ತಲೇ ಇರುತ್ತದೆ. ನನ್ನ ಮರೆವಿನ ಬೆಲೆ ಈ ಅಂಕಿಗಳಲ್ಲಿದೆ.

ಹಳಬರು ಬಾಟಲಿಗೆ ಗಾಜಿನ ಗೋಲಿ ಹಾಕಿ ಮಟ್ಟ ಏರಿಸುತ್ತಿದ್ದರು. ಕತ್ತಿನ ತನಕ ದ್ರಾವಣ ಬಂದರೆ ಗಾಳಿಗೆ ಜಾಗವಿಲ್ಲ, ತತ್ವ ಸರಿಯಾಗಿದೆ. ಆದರೆ 16 ಮಿಲಿಮೀಟರ್ ಅಡ್ಡಳತೆಯ ಒಂದು ಗೋಲಿ ಎತ್ತುವ ನೀರು ಬರೀ 2 ಮಿಲಿಲೀಟರ್ ಚಿಲ್ಲರೆ. ಅರ್ಧ ಲೀಟರ್ ತುಂಬಲು ಇನ್ನೂರ ಮೂವತ್ತಕ್ಕೂ ಹೆಚ್ಚು ಗೋಲಿ ಬೇಕು, ಅಷ್ಟನ್ನೂ ಪ್ರತಿಸಲ ತೊಳೆಯಬೇಕು. ಅದಕ್ಕಿಂತ ಸುಲಭ, ಲೀಟರ್ ದ್ರಾವಣವನ್ನು ಕೂಡಿಸಿದ ದಿನವೇ 250 ಮಿಲಿಲೀಟರಿನ ನಾಲ್ಕು ಗಾಜಿನ ಬಾಟಲಿಗಳಿಗೆ ಕಂಠಮಟ್ಟ ತುಂಬಿಬಿಡುವುದು. ಒಂದು ತೆರೆದಾಗ ಉಳಿದ ಮೂರಕ್ಕೆ ಗಾಳಿಯ ಸೋಂಕಿಲ್ಲ. ನನ್ನ ಅನುಭವದಲ್ಲಿ ಇದಕ್ಕಿಂತ ದೊಡ್ಡ ಉಪಾಯವಿಲ್ಲ, ಇದಕ್ಕಿಂತ ಅಗ್ಗದ್ದೂ ಇಲ್ಲ.

ಗಾಜನ್ನೇ ಹೇಳಿದ್ದಕ್ಕೆ ಕಾರಣವಿದೆ. ಹಾಲಿನ ಬಣ್ಣದ ಮೆತ್ತನೆಯ ಪಾಲಿಥೀನ್ ಡಬ್ಬಿಯ ಮೈಯಿಂದ ಆಮ್ಲಜನಕ ಮೆಲ್ಲಮೆಲ್ಲಗೆ ಒಳನುಸುಳುತ್ತದೆ. ನೀರು ಸೋರದ ಡಬ್ಬಿ ಗಾಳಿಯನ್ನೂ ತಡೆಯುತ್ತದೆಂದು ನಂಬಬಾರದು. ಕಂದು ಗಾಜು ಒಳ್ಳೆಯದೇ, ಆದರೆ ಡೆವಲಪರ್‌ಗೆ ಬೆಳಕಿನ ಭಯ ಕಡಿಮೆ, ಗಾಳಿಯ ಭಯ ಹೆಚ್ಚು. ಬಣ್ಣಕ್ಕಿಂತ ಬೂಚಿನ ಬಿಗಿ ಮುಖ್ಯ.

ಟ್ಯಾಂಕ್ ಇಟ್ಟುಕೊಂಡವರಿಗೆ ಬೇರೆ ದಾರಿ. ಡಿಜಿಟಲ್ ಬರುವ ಮೊದಲು ತಾಲ್ಲೂಕು ಊರುಗಳ ಆಸ್ಪತ್ರೆಗಳಲ್ಲಿ ಎಕ್ಸ್-ರೇ ಫಿಲ್ಮನ್ನು ಕೈಯಲ್ಲೇ ತೊಳೆಯುತ್ತಿದ್ದರು. ನಿಲುವು ಟ್ಯಾಂಕುಗಳನ್ನು ದಿನಕ್ಕೊಮ್ಮೆ ಖಾಲಿ ಮಾಡಲಾಗದು. ಅಲ್ಲಿ ದ್ರಾವಣದ ಮೇಲೆಯೇ ತೇಲುವ ಮುಚ್ಚಳ ಬೇಕು. ಉಪ್ಪಿನಕಾಯಿ ಭರಣಿಯಲ್ಲಿ ಹೋಳಿನ ಮೇಲೆ ಒಂದು ಬೆರಳು ಎಣ್ಣೆ ನಿಲ್ಲಿಸುವ ಅವ್ವಂದಿರು ಮಾಡುವುದೂ ಇದನ್ನೇ. ಮೇಲಿನ ಮುಚ್ಚಳ ಧೂಳು ತಡೆದರೆ, ತೇಲುವ ಮುಚ್ಚಳ ಗಾಳಿ ತಡೆಯುತ್ತದೆ.

ಸವಳು ನೀರು, ಅಥಣಿಯ ಬಿಸಿಲು

ಕೃಷ್ಣೆಯ ನೀರಾವರಿ ಹಬ್ಬಿದ ಅಥಣಿ, ರಾಯಬಾಗ, ಕಾಗವಾಡದ ಕರಿನೆಲದಲ್ಲಿ ಸವಳು ಏರಿದ ಊರುಗಳು ಬಹಳ. ಬೋರಿನ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರು ಕೂರುವುದು ಎಲ್ಲರೂ ಕಂಡದ್ದೇ. ಆ ನೀರಿನ ಕ್ಯಾಲ್ಸಿಯಂ, ಡೆವಲಪರ್‌ನ ಕಾರ್ಬೊನೇಟ್ ಮತ್ತು ಸಲ್ಫೈಟ್ ಜೊತೆ ಸೇರಿ ಬಿಳಿ ಗಸಿಯಾಗಿ ತಳ ಸೇರುತ್ತದೆ. ಅದು ಫಿಲ್ಮಿನ ಮೇಲೂ ಕೂತು ಚುಕ್ಕೆಯಾಗುತ್ತದೆ. ಕುದಿಸಿ, ತಣಿಸಿ, ಮೇಲಿನ ತಿಳಿ ಬಸಿದುಕೊಂಡರೆ ಗಡಸುತನದ ಒಂದು ಪಾಲು ಹೋಗುತ್ತದೆ. ಎಲ್ಲಕ್ಕಿಂತ ಸುಲಭ, ಬ್ಯಾಟರಿ ಅಂಗಡಿಯಲ್ಲಿ ಸಿಗುವ ಭಟ್ಟಿ ಇಳಿಸಿದ ನೀರು. ಕೊಳ್ಳುವಾಗ ಅದು ಆಸಿಡ್ ಕ್ಯಾನ್ ಅಲ್ಲವೆಂದು ಚೀಟಿ ಓದಿ ಖಚಿತ ಮಾಡಿಕೊಳ್ಳಬೇಕು.

ಕುದಿಸಿದರೆ ನೀರಿನಲ್ಲಿ ಕರಗಿದ ಗಾಳಿಯೂ ಹೋಗುತ್ತದೆ, ಅದಕ್ಕೇ ಕುದಿಸಿದ ನೀರಿನ ಡೆವಲಪರ್ ಬಾಳುತ್ತದೆ ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ, ಪ್ರಮಾಣ ಸಣ್ಣದು. 30 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಕರಗಿದ ಆಮ್ಲಜನಕ ಸುಮಾರು 7.5 ಮಿಲಿಗ್ರಾಂ. ಅರ್ಧ ಖಾಲಿ ಬಾಟಲಿಯ ಗಾಳಿಯಲ್ಲಿ ಅದರ ಹದಿನೆಂಟು ಪಟ್ಟು ಇದೆ. ನೀರು ಕುದಿಸಿ ಬಾಟಲಿಯನ್ನು ಅರ್ಧ ಖಾಲಿ ಇಟ್ಟರೆ ಪಟ್ಟ ಶ್ರಮ ನೀರುಪಾಲು.

ಪಾತ್ರೆಯ ಲೋಹವನ್ನೂ ನೋಡಬೇಕು. ತಾಮ್ರದ ಹಂಡೆ, ಹಿತ್ತಾಳೆಯ ಕೊಡ ನಮ್ಮ ಮನೆಗಳ ಶೋಭೆ, ಆದರೆ ಡೆವಲಪರ್‌ಗೆ ಅವುಗಳ ನೀರು ಬೇಡ. ತಾಮ್ರದ ಅಯಾನು ಎಳ್ಳಷ್ಟು ಇದ್ದರೂ ಉತ್ಕರ್ಷಣಕ್ಕೆ ವೇಗ ಕೊಡುತ್ತದೆ. ಅಲ್ಯುಮಿನಿಯಂ ಪಾತ್ರೆಯನ್ನು ಕ್ಷಾರ ತಿನ್ನುತ್ತದೆ. ಸ್ಟೀಲು, ಗಾಜು, ಗಟ್ಟಿ ಪ್ಲಾಸ್ಟಿಕ್ ಇವು ಸಾಕು.

ಇನ್ನು ಬಿಸಿಲು. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ರಸಾಯನದ ರೂಢಿ ಲೆಕ್ಕ. 20 ಡಿಗ್ರಿಯಲ್ಲಿ ಆರು ತಿಂಗಳು ಬಾಳುವುದು, ಅಥಣಿಯ ಮೇ ತಿಂಗಳ 40 ಡಿಗ್ರಿಯಲ್ಲಿ ಒಂದೂವರೆ ತಿಂಗಳಿಗೆ ಇಳಿಯಬಹುದು. ಪತ್ರಾಸಿನ ಸೂರಿನ ಕೆಳಗಿನ ಅಟ್ಟ ಇದಕ್ಕೆ ಎಲ್ಲಕ್ಕಿಂತ ಕೆಟ್ಟ ಜಾಗ. ಮಣ್ಣಿನ ಮಾಳಿಗೆ ಮನೆಯ ನೆಲದ ಮೂಲೆ ಒಳ್ಳೆಯ ಜಾಗ. ಒಣ ಬೇಸಿಗೆಯಲ್ಲಿ ಬಾಟಲಿಗಳನ್ನು ದೊಡ್ಡ ಮಣ್ಣಿನ ಗಡಿಗೆಯಲ್ಲಿಟ್ಟು ಸುತ್ತ ಒದ್ದೆ ಗೋಣಿಚೀಲ ಹೊದಿಸಿದರೆ ನೀರು ಆರುತ್ತ ತಂಪು ಕೊಡುತ್ತದೆ. ಇದು ಅಥಣಿ, ಕಾಗವಾಡದ ಒಣ ಗಾಳಿಯಲ್ಲಿ ನಡೆಯುವಷ್ಟು ಚೆನ್ನಾಗಿ ನಿಪ್ಪಾಣಿಯ ಮಳೆಗಾಲದಲ್ಲಿ ನಡೆಯದು. ಗಾಳಿಯೇ ಒದ್ದೆಯಿದ್ದರೆ ಗೋಣಿ ಆರುವುದೆಂತು?

ಫ್ರಿಜ್ಜಿನಲ್ಲಿ ಇಡಬಹುದಲ್ಲ ಎನ್ನುವವರಿಗೆ ಎರಡು ಮಾತು. ತೀರ ತಂಪಾದರೆ ಕರಗಿದ್ದು ಹರಳಾಗಿ ಕೆಳಗೆ ಕೂರುತ್ತದೆ, ಮತ್ತೆ ಪೂರ್ತಿ ಕರಗಿಸುವುದು ಕಷ್ಟ. ಅದಕ್ಕಿಂತ ದೊಡ್ಡದು, ಅಡುಗೆಯ ಫ್ರಿಜ್ಜಿನಲ್ಲಿ ಕೆಮಿಕಲ್ ಇರಕೂಡದು. ಹೈಡ್ರೋಕ್ವಿನೋನ್ ಹೊಟ್ಟೆಗೆ ಹೋದರೆ ವಿಷ, ಮೆಟಾಲ್ ಕೆಲವರ ಕೈಗೆ ಚರ್ಮದ ಕಾಯಿಲೆ ತರುತ್ತದೆ. ತಂಪು ಪಾನೀಯದ ಬಾಟಲಿಗೆ ತುಂಬುವುದಂತೂ ಎಂದಿಗೂ ಬೇಡ. ಬಾಯಾರಿ ಬಂದ ಮಗುವಿಗೆ ಚೀಟಿ ಓದುವ ತಾಳ್ಮೆ ಇರುವುದಿಲ್ಲ.

ಪುಡಿಯ ಪೊಟ್ಟಣಕ್ಕೂ ಇವೇ ವೈರಿಗಳು, ಜೊತೆಗೆ ತೇವ. ಒಡೆದ ಪೊಟ್ಟಣದ ಸಲ್ಫೈಟ್ ತೇವದ ಗಾಳಿಯಲ್ಲಿ ಒಳಗೊಳಗೇ ಸಲ್ಫೇಟ್ ಆಗುತ್ತದೆ, ನೋಡಲು ಅದೇ ಬಿಳಿ ಪುಡಿ. ಅರ್ಧ ಪೊಟ್ಟಣ ಇಂದು, ಅರ್ಧ ಮುಂದಿನ ತಿಂಗಳು ಎಂಬ ಉಳಿತಾಯವೂ ಸಲ್ಲದು. ಒಂದೇ ಪೊಟ್ಟಣದಲ್ಲಿ ಬೇರೆಬೇರೆ ತೂಕದ ಕಣಗಳು ಬೇರೆಬೇರೆ ಪದರಾಗಿ ಕೂತಿರುತ್ತವೆ. ಮೇಲಿನ ಅರ್ಧಕ್ಕೆ ಮೆಟಾಲ್ ಹೆಚ್ಚು ಬಂದರೆ ಕೆಳಗಿನ ಅರ್ಧಕ್ಕೆ ಕೊರತೆ. ಪೊಟ್ಟಣ ಒಡೆದರೆ ಪೂರ್ತಿ ಕರಗಿಸಿ ನಾಲ್ಕು ಬಾಟಲಿಗೆ ಹಂಚುವುದೇ ಸರಿ.

ಹೈಪೋದ ಬೇರೆ ಸ್ವಭಾವ

ಮೂರನೆಯ ಟ್ರೇಯ ಹೈಪೋಗೆ ಗಾಳಿಯ ಭಯ ಅಷ್ಟಿಲ್ಲ, ಅದು ಕೆಡುವ ದಾರಿ ಬೇರೆ. ಬೆಳಕು ಕಾಣದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ಒಯ್ಯುವುದು ಅದರ ಕೆಲಸ. ಜಾನ್ ಹರ್ಷಲ್ 1819ರಲ್ಲಿ ಈ ಗುಣ ಕಂಡುಕೊಂಡ. ಇಪ್ಪತ್ತು ವರ್ಷದ ನಂತರ, 1839ರಲ್ಲಿ ಫೋಟೋಗ್ರಫಿ ಹುಟ್ಟಿದಾಗ ಆ ಜ್ಞಾನ ಕೈಗೆ ಬಂತು.

ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಹುಳಿ ಹೆಚ್ಚಾದರೆ ಒಡೆಯುತ್ತದೆ. ಒಡೆದರೆ ಗಂಧಕ ಬೇರೆಯಾಗಿ ದ್ರಾವಣ ಹಾಲು ಕಲಕಿದಂತಾಗುತ್ತದೆ. ಸೆಖೆ ಏರಿದಷ್ಟೂ ಇದು ಬೇಗ. ಇಲ್ಲೂ ಸಲ್ಫೈಟೇ ಕಾವಲು, ಆದ್ದರಿಂದ ಸಲ್ಫೈಟ್ ಕರಗಿದ ಮೇಲೆ, ದ್ರಾವಣ ಪೂರ್ತಿ ತಣ್ಣಗಾದ ಮೇಲೆಯೇ ಆಮ್ಲ ಸೇರಿಸಬೇಕು. ಹರಳಿನ ಹೈಪೋ ನೀರಿಗೆ ಬಿದ್ದಾಗ ಪಾತ್ರೆ ಮಂಜಿನಂತೆ ತಣ್ಣಗಾಗುವುದನ್ನು ಮುಟ್ಟಿ ನೋಡಿದವರು ಮರೆಯುವುದಿಲ್ಲ, ಅದಕ್ಕೇ ಬಿಸಿ ನೀರಿನಿಂದ ಆರಂಭಿಸುತ್ತಾರೆ. ಹರಳನ್ನೂ ತಂಪಿನಲ್ಲಿಡಬೇಕು. ಅದರೊಳಗೆ ನೀರಿದೆ, ಸುಮಾರು 48 ಡಿಗ್ರಿಗೆ ತನ್ನ ನೀರಿನಲ್ಲೇ ಕರಗಿ, ತಣಿದಾಗ ಗಟ್ಟಿ ಹೆಂಟೆಯಾಗುತ್ತದೆ. ಪತ್ರಾಸಿನ ಅಂಗಡಿಗೆ ಮೇ ಮಧ್ಯಾಹ್ನ ಅಷ್ಟು ಬಿಸಿ ದೂರವಲ್ಲ.

ಹೈಪೋ ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಬೆಳಕಿನಲ್ಲೇ ಒಂದು ಫಿಲ್ಮ್ ತುಂಡು ಅದ್ದಿ ಗಡಿಯಾರ ನೋಡಬೇಕು. ಹೊಸ ಹೈಪೋದಲ್ಲಿ ಒಂದು ನಿಮಿಷಕ್ಕೆ ತಿಳಿಯಾಗುತ್ತಿದ್ದ ತುಂಡು ಎರಡು ನಿಮಿಷ ಹಿಡಿದರೆ ಅದರ ಕಾಲ ಮುಗಿಯಿತು. ಇಲ್ಲಿ ಜಿಪುಣತನ ಮಾಡಿದವರ ತಪ್ಪು ಆ ದಿನ ಕಾಣದು. ಹತ್ತಿಪ್ಪತ್ತು ವರ್ಷದ ಮೇಲೆ ಮದುವೆಯ ಫೋಟೋ ಹಳದಿಯಾಗಿ, ಮುಖ ಮಾಸಿದಾಗ ಕಾಣುತ್ತದೆ. 1982ರಲ್ಲಿ ಯುಗಾಂತರ್ ಎಂಬ ಚಲನಚಿತ್ರ ತಂಡದವರು ನಿಪ್ಪಾಣಿಯ ತಂಬಾಕಿನ ವಖಾರಿಗಳ ಹೆಣ್ಣಾಳುಗಳ ಜೊತೆ ಕೂತು ಮಾಡಿದ 'ತಂಬಾಕು ಚಾಕಿಲ ಊಬ ಆಲಿ' ಸಾಕ್ಷ್ಯಚಿತ್ರವನ್ನು ಇಂದಿಗೂ ನೋಡಬಹುದು. ಧೂಳಿನಲ್ಲಿ ದುಡಿದು, ಸಂಘ ಕಟ್ಟಿ ಕೂಲಿ ಕೇಳಿದ ಆ ಮುಖಗಳು ಉಳಿದದ್ದು 16 ಎಂಎಂ ಫಿಲ್ಮಿನ ಮೇಲೆ. ಒಂದು ಸೀಮೆಯ ನೆನಪು ಇಂಥ ಟ್ಯಾಂಕುಗಳ ಮೂಲಕ ಹಾದು ಬರುತ್ತದೆ. ಕೆಟ್ಟ ಕೆಮಿಕಲ್‌ಗೆ ಹೆದರಬೇಕಾದದ್ದು ಕಾಸಿನ ನಷ್ಟಕ್ಕಿಂತ ಇದಕ್ಕಾಗಿ.

ಕಾಲ ಮುಗಿದ ಹೈಪೋದಲ್ಲಿ ಬೆಳ್ಳಿ ತುಂಬಿರುತ್ತದೆ, ನಿಪ್ಪಾಣಿಯ ಗಡಿಯಾಚೆ ಹುಪರಿಯ ಅಕ್ಕಸಾಲಿಗರು ಕಾಲ್ಗೆಜ್ಜೆ ಮಾಡುವ ಅದೇ ಬೆಳ್ಳಿ. ಅದನ್ನು ಬಾವಿಯ ಪಕ್ಕವೋ ಹಳ್ಳಕ್ಕೋ ಸುರಿದರೆ ನೀರಿನ ಜೀವಿಗಳಿಗೆ ವಿಷ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಬ್ಬಿಣದ ನೂಲಿನ ಜೊತೆ ಕೆಲವು ದಿನ ಬಿಟ್ಟರೆ ಕಬ್ಬಿಣ ಕರಗಿ ಬೆಳ್ಳಿ ಕಪ್ಪು ಕೆಸರಾಗಿ ತಳ ಸೇರುತ್ತದೆ. ಆ ಕೆಸರನ್ನು ಬೇರೆ ತೆಗೆದಿಡಬೇಕು. ವೇದಗಂಗೆ, ದೂಧಗಂಗೆ, ಕೃಷ್ಣೆಯ ನೀರು ಕುಡಿಯುವ ನಾವು ಇಷ್ಟು ಮಾಡಲೇಬೇಕು.

ಕಂದೀಲು ಮತ್ತು ಫಿಲ್ಮ್ ತುಂಡು

ಡೆವಲಪರ್‌ನ ಜೀವ ಅಳೆಯಲು ಬಣ್ಣವೊಂದನ್ನೇ ನಂಬಬಾರದು. ಆಗ್ಫಾ ಕಂಪನಿ 1891ರಲ್ಲಿ ಮಾರುಕಟ್ಟೆಗೆ ತಂದ ರೋಡಿನಾಲ್ ಎಂಬ ಗಟ್ಟಿ ದ್ರಾವಣ ಕಡುಕಂದಾದರೂ ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಸಿ ಜೀವಸತ್ವದ ಕುಲದಿಂದ ಮಾಡಿದ ಕೆಲವು ಹೊಸ ಡೆವಲಪರ್‌ಗಳು ನೀರಿನಂತೆ ತಿಳಿಯಾಗಿದ್ದೇ ಸತ್ತಿರುತ್ತವೆ. ಮೆಟಾಲ್-ಹೈಡ್ರೋಕ್ವಿನೋನ್ ಜೋಡಿ ಕಡುಚಹಾದ ಬಣ್ಣಕ್ಕೆ ಬಂದರೆ ಚೆಲ್ಲಬೇಕು, ಆದರೆ ತಿಳಿಯಾಗಿದೆ ಎಂದಮಾತ್ರಕ್ಕೆ ಬೆಲೆಬಾಳುವ ರೋಲನ್ನು ಅದರಲ್ಲಿ ಮುಳುಗಿಸಬಾರದು.

ನಾನು ಮಾಡುವುದು ಹೀಗೆ. ಡೆವಲಪರ್ ಕೂಡಿಸಿದ ದಿನವೇ, ಕ್ಯಾಮೆರಾಕ್ಕೆ ಸಿಕ್ಕಿಸುವ ಫಿಲ್ಮಿನ ನಾಲಿಗೆಯಿಂದ ಒಂದು ತುಂಡು ಕತ್ತರಿಸಿ ಹಗಲು ಬೆಳಕಿನಲ್ಲೇ ಅದ್ದುತ್ತೇನೆ. ಅದು ಪೂರ್ತಿ ಕಪ್ಪಾಗಲು ಹಿಡಿದ ಹೊತ್ತನ್ನು ಬಾಟಲಿಯ ಚೀಟಿಯ ಮೇಲೆ, ಕೂಡಿಸಿದ ತಾರೀಖಿನ ಕೆಳಗೆ ಬರೆಯುತ್ತೇನೆ. ಮುಂದೆ ಬಾಟಲಿ ತೆರೆದಾಗಲೆಲ್ಲ ಮೊದಲು ಒಂದು ತುಂಡು ಒಳಗೆ. ಬರೆದಿಟ್ಟ ಹೊತ್ತಿಗಿಂತ ಬಹಳ ತಡವಾದರೆ ಅದರ ಜೀವ ಇಳಿದಿದೆ ಎಂದರ್ಥ.

ಕಳೆದ ದೀಪಾವಳಿಯ ಮರುವಾರ ಒಂದು ಲೀಟರ್ ಡಿ-76 ಕೂಡಿಸಿ ನಾಲ್ಕು ಬಾಟಲಿಗೆ ಕಂಠಮಟ್ಟ ತುಂಬಿದ್ದೆ. ಮೂರು ಬಾಟಲಿಗಳು ಸಂಕ್ರಾಂತಿಯೊಳಗೆ ಮುಗಿದವು. ನಾಲ್ಕನೆಯದು ನೆಲದ ಮೂಲೆಯಲ್ಲಿ ಗಡಿಗೆಯೊಳಗೆ ಕೂತಿತ್ತು. ಯುಗಾದಿಯ ಮುನ್ನಾದಿನ, ಕಾಕಾನ ಹಳೆಯ ಕ್ಯಾಮೆರಾದಲ್ಲಿ ತೆಗೆದ ರೋಲು ಕೈಯಲ್ಲಿ ಹಿಡಿದು ಅದನ್ನು ತೆರೆದೆ. ರೋಲನ್ನು ಪಕ್ಕಕ್ಕಿಟ್ಟು ಮೊದಲು ತುಂಡನ್ನು ಇಳಿಬಿಟ್ಟೆ, ಹಗೇವಿಗೆ ಕಂದೀಲು ಇಳಿಬಿಡುತ್ತಿದ್ದವರ ಹಾಗೆ. ಅಂಚು ಬೂದಿಯಾಯಿತು, ನಡು ಕಪ್ಪೇರಿತು. ಕೈಗಡಿಯಾರ ನೋಡಿದೆ. ಚೀಟಿಯ ಮೇಲಿನ ಹೊತ್ತಿಗೂ ಇದಕ್ಕೂ ಕೆಲವೇ ಸೆಕೆಂಡುಗಳ ಅಂತರವಿತ್ತು. ದೀಪ ಆರಿಸಿ, ರೋಲಿನ ಡಬ್ಬಿ ಬಿಚ್ಚಿದೆ.